ಹಾಡದೆ ಇದ್ದ ವರ್ಷಗಳು

ಕುಮಾರ ಗಂಧರ್ವರ ಕಥೆಯನ್ನು ನಮ್ಮ ಬೆಳಗಾವಿ ಕಡೆ ಎಲ್ಲರೂ ಹೆಚ್ಚುಕಡಿಮೆ ಒಂದೇ ರೀತಿ ಹೇಳುತ್ತಾರೆ. ಸುಳೇಭಾವಿಯ ಹುಡುಗ, ಹಲ್ಲು ಬೀಳುವ ವಯಸ್ಸಿಗೇ ದೊಡ್ಡ ದೊಡ್ಡ ಉಸ್ತಾದರ ಗಾಯನವನ್ನು ಹಾಗೆಹಾಗೇ ಹಾಡಿ ಜನರನ್ನು ಬೆರಗುಗೊಳಿಸಿದ. ಮುಂಬಯಿಗೆ ಹೋಗಿ ಹೆಸರು ಮಾಡಿದ. ಕ್ಷಯ ಬಂತು, ಇನ್ನು ಹಾಡುವಂತಿಲ್ಲ ಎಂದು ವೈದ್ಯರು ಹೇಳಿದರು. ಛಲ ಬಿಡದೆ ಒಂದೇ ಶ್ವಾಸಕೋಶದಲ್ಲಿ ಹಾಡಿ ಗೆದ್ದ. ಈ ಕಥೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ‘ಛಲ’ ಎಂಬುದೊಂದನ್ನೇ ಎತ್ತಿ ಹಿಡಿದಾಗ ನಡುವಿನ ಐದಾರು ವರ್ಷಗಳು ಕಾಣದಂತಾಗುತ್ತವೆ. ಆ ವರ್ಷಗಳಲ್ಲಿ ಮನೆ ಹೇಗೆ ನಡೆಯಿತು? ಔಷಧ ಯಾವಾಗ ಬಂತು? ಹಾಡಲಾಗದ ಹಾಡುಗಾರ ದಿನವಿಡೀ ಏನು ಮಾಡಿದರು? ಜೀವಕ್ಕೆ ಕುತ್ತು ತಂದ ಕಾಯಿಲೆಯಿಂದ ಎದ್ದು ಬಂದ ಯಾರಿಗೇ ಆಗಲಿ ನಿಜವಾಗಿ ಬೇಕಾದದ್ದು ಈ ಪ್ರಶ್ನೆಗಳ ಉತ್ತರ.

ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋದಾಗ ಇಲ್ಲಿ ನಾವೆಲ್ಲ ಹೇಳುವ ಮಾತೊಂದಿದೆ: ‘ಇನ್ನ ಮ್ಯಾಲೆ ಭಾಳ ದಗದ ಮಾಡಬ್ಯಾಡ್ರಿ, ಆರಾಮ ತಗೋರಿ.’ ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಆರಾಮ ತೆಗೆದುಕೊಂಡ ದಿನದ ಪಗಾರ ಯಾರು ಕೊಡುತ್ತಾರೆ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಕುಮಾರ ಗಂಧರ್ವರ ಬದುಕನ್ನು ಮತ್ತೆ ಮತ್ತೆ ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಈ ಕೇಳದೆ ಉಳಿದ ಪ್ರಶ್ನೆಯೇ.

ಶಿವಪುತ್ರ ಸಿದ್ಧರಾಮಯ್ಯ ಕೋಂಕಾಳಿ ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ತಾಲ್ಲೂಕಿನ ಸುಳೇಭಾವಿಯಲ್ಲಿ. ತಂದೆಗೂ ಹಾಡಿಕೆ ಗೊತ್ತಿತ್ತು. ಹುಡುಗ ಗ್ರಾಮಫೋನ್ ತಟ್ಟೆಗಳನ್ನು ಕೇಳಿ, ಗಾಯಕನ ಉಸಿರು, ತಿರುವು, ಕೊಸರುಗಳನ್ನೂ ಬಿಡದೆ ಒಪ್ಪಿಸುತ್ತಿದ್ದ. ಅವನ ಹಾಡು ಕೇಳಿದ ಮಠದ ಸ್ವಾಮಿಗಳೊಬ್ಬರು ‘ಕುಮಾರ ಗಂಧರ್ವ’ ಎಂಬ ಬಿರುದು ಕೊಟ್ಟರು. ಕೊನೆಯವರೆಗೂ ಅದೇ ಹೆಸರಾಯಿತು. ಹನ್ನೆರಡು ತುಂಬುವ ಹೊತ್ತಿಗೆ ದೇಶದ ದೊಡ್ಡ ಸಮ್ಮೇಳನಗಳಲ್ಲಿ ಹಾಡಿ, ಮುಂಬಯಿಯಲ್ಲಿ ಪ್ರೊ. ಬಿ.ಆರ್. ದೇವಧರರ ಸಂಗೀತ ಶಾಲೆ ಸೇರಿಯಾಗಿತ್ತು. ಇಪ್ಪತ್ತರ ಆಸುಪಾಸಿಗೆ ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಕರಾಚಿಯಿಂದ ಬಂದು ಅಲ್ಲಿ ಕಲಿಯುತ್ತಿದ್ದ ಭಾನುಮತಿ ಕಂಸ ಅವರನ್ನು 1947ರಲ್ಲಿ ಮದುವೆಯಾದರು. ಮದುವೆಯ ಬೆನ್ನಲ್ಲೇ ಕ್ಷಯ ಬಂತು.

ಆ ಕಾಲದಲ್ಲಿ ಕ್ಷಯಕ್ಕೆ ವೈದ್ಯರ ಬಳಿ ಮುಖ್ಯವಾಗಿ ಇದ್ದದ್ದು ಮೂರು ಉಪಾಯ: ಒಣ ಹವೆ, ಒಳ್ಳೆಯ ಊಟ, ಮಲಗುವುದು. ಯುರೋಪಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಹುಟ್ಟಿದ ಸ್ಯಾನಟೋರಿಯಂ ಪದ್ಧತಿ ನಮ್ಮಲ್ಲೂ ಬೇರು ಬಿಟ್ಟಿತ್ತು. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ 1921ರಲ್ಲಿ ಶುರುವಾಯಿತು. ನಮಗೆ ಹತ್ತಿರದ ಮಿರಜ್ ಬಳಿ ವಾನ್ಲೆಸ್‌ವಾಡಿಯಲ್ಲೂ ಒಂದಿತ್ತು. ಶ್ವಾಸಕೋಶಕ್ಕೆ ಆದಷ್ಟು ಕೆಲಸ ಕೊಡಬಾರದು ಎಂಬುದೇ ಅಂದಿನ ಚಿಕಿತ್ಸೆಯ ತಿರುಳು. ಎದೆಗೂಡಿಗೆ ಸೂಜಿಯಿಂದ ಗಾಳಿ ತುಂಬಿಸಿ ಕಾಯಿಲೆಯ ಶ್ವಾಸಕೋಶವನ್ನು ಬೇಕೆಂದೇ ಕುಗ್ಗಿಸುತ್ತಿದ್ದುದೂ ಉಂಟು. ಒಳಗಿನ ಹುಣ್ಣಿನ ಗುಳಿ ಮುಚ್ಚಿಕೊಳ್ಳಲಿ, ಆಮ್ಲಜನಕ ಸಿಗದೆ ರೋಗಾಣು ಸೊರಗಲಿ ಎಂಬುದು ಲೆಕ್ಕ. ಜೋರಾಗಿ ಮಾತಾಡುವುದೇ ಬೇಡ ಎನ್ನುವಲ್ಲಿ ಹಾಡುವುದಂತೂ ದೂರವೇ ಉಳಿಯಿತು. ಗಾಯಕ ಎದೆ ತುಂಬ ಉಸಿರೆಳೆದು ತಡೆಹಿಡಿದು ಬಿಡುವಾಗ ಹುಣ್ಣಾದ ರಕ್ತನಾಳ ಹರಿದು ರಕ್ತ ಕಾರುವ ಅಪಾಯ ನಿಜವಾದದ್ದೇ. ಹಾಡಿದರೆ ಜೀವಕ್ಕೆ ಅಪಾಯ ಎಂಬ ವೈದ್ಯರ ಮಾತು ಅಂದಿನ ತಿಳಿವಳಿಕೆಗೆ ಸರಿಯಾಗಿಯೇ ಇತ್ತು.

ಹೀಗಾಗಿ 1948ರ ಜನವರಿ ಕೊನೆಗೆ ಗಂಡ ಹೆಂಡತಿ ಮಾಳವದ ದೇವಾಸಕ್ಕೆ ಹೋದರು. ಸಮುದ್ರದ ತೇವವಿಲ್ಲದ ಎತ್ತರದ ಬಯಲುಸೀಮೆ ಅದು. ಊರ ನಡುವೆ ದೇವಿಯ ಗುಡ್ಡ. ಕಣಕುಂಬಿಯ ಕಡೆಯಿಂದ ಮಳೆ ಹೊಡೆದರೆ ಖಾನಾಪುರದಿಂದ ಬೆಳಗಾವಿಯವರೆಗೆ ವಾರಗಟ್ಟಲೆ ಬಟ್ಟೆ ಒಣಗದ ಶ್ರಾವಣವನ್ನು ಕಂಡವರಿಗೆ, ಒಣ ಹವೆಯ ಊರಿಗೆ ಹೋಗಿ ಎಂಬ ಸಲಹೆ ಯಾಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಜೀವ ಉಳಿಸಿದ್ದು ಹವೆಯೊಂದೇ ಅಲ್ಲ. ಅಮೆರಿಕದ ರಟ್ಗರ್ಸ್‌ನಲ್ಲಿ ಆಲ್ಬರ್ಟ್ ಶಾಟ್ಜ್, ಎಲಿಜಬೆತ್ ಬೂಗಿ ಮತ್ತು ಸೆಲ್ಮನ್ ವಾಕ್ಸ್‌ಮನ್ 1943ರ ಹೊತ್ತಿಗೆ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ತೆಗೆದಿದ್ದರು. ಕುಮಾರರು ದೇವಾಸಕ್ಕೆ ಬಂದ ವರ್ಷವೇ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಅದರ ಪರೀಕ್ಷೆಯ ಫಲ ಪ್ರಕಟಿಸಿತು. ಬರೀ ಹಾಸಿಗೆಯ ವಿಶ್ರಾಂತಿ ಪಡೆದ 52 ಜನರಲ್ಲಿ ಆರು ತಿಂಗಳೊಳಗೆ 14 ಮಂದಿ ತೀರಿಕೊಂಡಿದ್ದರು. ವಿಶ್ರಾಂತಿಯ ಜೊತೆ ಔಷಧವನ್ನೂ ಪಡೆದ 55 ಜನರಲ್ಲಿ ನಾಲ್ವರು. ಆದರೆ ಈ ಔಷಧವೊಂದನ್ನೇ ಕೊಟ್ಟರೆ ರೋಗಾಣು ಬೇಗ ಅದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದೂ ಆಗಲೇ ಕಂಡಿತ್ತು. ಐದು ವರ್ಷದ ಹೊತ್ತಿಗೆ ಎರಡೂ ಗುಂಪುಗಳ ನಡುವಿನ ಅಂತರ ಬಹುಪಾಲು ಕರಗಿಹೋಯಿತು. ಎರಡು ಮೂರು ಔಷಧಗಳನ್ನು ಕೂಡಿಸಿ ಕೊಡಬೇಕೆಂಬ ಪಾಠ ಅಲ್ಲಿಂದ ಬಂತು. ಕುಮಾರರಿಗೆ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1952ರಲ್ಲಿ. ಅಗ್ಗದ ಗುಳಿಗೆ ಐಸೋನಿಯಜಿಡ್ ಬಳಕೆಗೆ ಬಂದದ್ದೂ, ವಾಕ್ಸ್‌ಮನ್‌ಗೆ ನೊಬೆಲ್ ಬಂದದ್ದೂ ಅದೇ ವರ್ಷ.

ಅದೇ 1948ರಲ್ಲಿ ಸ್ಕಾಟ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಜಾರ್ಜ್ ಆರ್ವೆಲ್‌ಗೂ ಈ ಔಷಧ ಕೊಟ್ಟಿದ್ದರು. ಮೈಗೆ ಒಗ್ಗದೆ ತೀವ್ರ ತೊಂದರೆಯಾಗಿ ನಿಲ್ಲಿಸಬೇಕಾಯಿತು. ಸ್ವಲ್ಪ ಚೇತರಿಸಿಕೊಂಡ ಕೂಡಲೇ ಆರ್ವೆಲ್ ಜ್ಯೂರಾ ದ್ವೀಪಕ್ಕೆ ಮರಳಿ, ಹಾಸಿಗೆಯಲ್ಲೇ ಕೂತು ‘1984’ ಕಾದಂಬರಿಯ ಅಂತಿಮ ಪ್ರತಿಯನ್ನು ತಾವೇ ಟೈಪ್ ಮಾಡಿದರು. ಪುಸ್ತಕ 1949ರಲ್ಲಿ ಹೊರಬಂತು, ಆರ್ವೆಲ್ 1950ರ ಜನವರಿಯಲ್ಲಿ ತೀರಿಕೊಂಡರು. ಕೆಲಸ ಮುಗಿಸಿದ್ದರಿಂದಲೇ ಸಾವು ಬೇಗ ಬಂತೆಂದು ಯಾರೂ ಹೇಳಲಾರರು. ಆದರೂ ಒಬ್ಬರು ಕೆಲಸವನ್ನು ಮುಂದೂಡಲಾಗದೆ ದೇಹವನ್ನು ದುಡಿಸಿಕೊಂಡರು, ಇನ್ನೊಬ್ಬರಿಗೆ ಕಾಯಲು ಸಾಧ್ಯವಾಯಿತು ಎಂಬ ವ್ಯತ್ಯಾಸ ನನ್ನನ್ನು ಕಾಡುತ್ತದೆ.

ಕಾಯಲು ಸಾಧ್ಯವಾದದ್ದು ಹೇಗೆ? ಭಾನುಮತಿ ದೇವಾಸದಲ್ಲಿ ಶಾಲೆಯ ಕೆಲಸ ಹಿಡಿದರು. ಸ್ವತಃ ಹಾಡುಗಾರ್ತಿ. ಮುಂಬಯಿಯಲ್ಲೇ ಇದ್ದಿದ್ದರೆ ಸಂಗೀತದಲ್ಲಿ ಮುಂದುವರಿಯಬಹುದಿತ್ತು. ಗಂಡನ ಔಷಧ, ಪಥ್ಯ, ಶುಶ್ರೂಷೆ, ಮನೆ ಖರ್ಚು, ಬಂದುಹೋಗುವವರ ಊಟ ಎಲ್ಲವೂ ಅವರ ಮೇಲೆ ಬಿತ್ತು. ಬರೆದವರೆಲ್ಲ ಅವರನ್ನು ಒಂದು ಸಾಲಿನಲ್ಲಿ ಹೊಗಳಿ ಮುಂದೆ ಹೋಗುತ್ತಾರೆ. ನನಗನಿಸುವಂತೆ ಆ ಐದಾರು ವರ್ಷಗಳ ಕಥೆಯಲ್ಲಿ ಅವರದು ಅರ್ಧ ಪಾಲು. ಕುಮಾರರ ಬಿಡುವೆಂಬುದು ಭಾನುಮತಿಯವರ ದುಡಿಮೆಯೇ ಆಗಿತ್ತು.

ಆ ಬಿಡುವಿನಲ್ಲಿ ಏನಾಯಿತೆಂಬುದು ಹಿಂದುಸ್ತಾನಿ ಸಂಗೀತದ ಚರಿತ್ರೆಗೆ ಸೇರಿದ ಮಾತು. ಮಲಗಿದವರ ಕಿವಿಗೆ ಊರಿನ ಹಾಡುಗಳು ಬಿದ್ದವು: ಮದುವೆ ಮನೆಯ ಹೆಂಗಸರವು, ಹಬ್ಬದವು, ಮಳೆಗಾಲದವು, ದಾರಿಯಲ್ಲಿ ಬೇಡುತ್ತ ಹೋಗುವ ನಾಥ ಜೋಗಿಗಳವು. ದೇವಾಸದಲ್ಲಿ ಶೀಲನಾಥ ಮಹಾರಾಜರ ಧುನಿ ಇದೆ. ನಾಥ ಪರಂಪರೆಯ ಕಬೀರ ಅಲ್ಲಿ ಜೀವಂತ. ಚಿಕ್ಕಂದಿನಿಂದ ಕೇಳಿದ್ದನ್ನೆಲ್ಲ ಕಂಠದಿಂದ ಮರಳಿ ಒಪ್ಪಿಸಿ ಹೊಗಳಿಸಿಕೊಂಡವರು ಕುಮಾರ. ಈಗ ಒಪ್ಪಿಸುವ ದಾರಿಯೇ ಮುಚ್ಚಿತ್ತು. ಕೇಳಿದ್ದು ಗಂಟಲಿಗೆ ಬಾರದೆ ಕಿವಿಯಲ್ಲೇ ಉಳಿದು, ಅಲ್ಲೇ ಬಿಡಿಸಿಕೊಂಡು, ಮತ್ತೆ ಕೂಡಿಕೊಂಡಿರಬೇಕು. ಇದು ನನ್ನ ಊಹೆ. ಆದರೆ ಮುಂದೆ ಬಂದ ಸಂಗೀತ ಈ ಊಹೆಗೆ ಇಂಬು ಕೊಡುತ್ತದೆ.

ಚೇತರಿಸಿಕೊಂಡ ಮೇಲೆ ಅವರು ಮಾಳವದ ಲೋಕಧುನ್‌ಗಳನ್ನು ನೂರಾರು ಸಂಖ್ಯೆಯಲ್ಲಿ ಸಂಗ್ರಹಿಸಿ ಸ್ವರ ಹಾಕಿ ಬರೆದಿಟ್ಟರು. ಹಳ್ಳಿಯ ಹಾಡು ನಾಲ್ಕೈದು ಸ್ವರಗಳೊಳಗೇ ತಿರುಗುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಅದು ಹೋಗುವ ದಾರಿಯಲ್ಲೇ ಅದರ ಚಹರೆ ಇರುತ್ತದೆ. ರಾಗಗಳೆಲ್ಲ ಇಂಥ ಧುನ್‌ಗಳಿಂದಲೇ ಬಂದವು ಎಂಬುದು ಅವರ ನಂಬಿಕೆ. ಆ ಚಹರೆ ಕೆಡದಂತೆ ಬೆಳೆಸಿದಾಗ ಮಾಲವತಿ, ಸಂಜಾರಿ, ಸಹೇಲಿ ತೋಡಿ, ಲಗನ್ ಗಂಧಾರ್, ಮಧಸೂರ್ಜಾ, ಅಹಿಮೋಹಿನಿಯಂಥ ರಾಗಗಳು ಮೂಡಿದವು. ಇವನ್ನು ಅವರು ‘ಧುನ್‌ ಉಗಮ’ ರಾಗಗಳೆಂದರು. ತಮ್ಮ ಬಂದಿಶ್‌ಗಳನ್ನು 1965ರಲ್ಲಿ ‘ಅನೂಪರಾಗವಿಲಾಸ’ ಎಂಬ ಪುಸ್ತಕವಾಗಿ ತಂದರು. ಮಾಳವದ ಹಾಡುಗಳದೇ ಕಾರ್ಯಕ್ರಮ, ಮಳೆಗಾಲ, ಹೇಮಂತ, ವಸಂತಗಳ ಋತುಗೀತಗಳದು ಬೇರೆ ಬೇರೆ ಕಾರ್ಯಕ್ರಮ, ಕಬೀರ–ಸೂರ–ಮೀರಾರನ್ನು ಕೂಡಿಸಿದ ‘ತ್ರಿವೇಣಿ’, ಎಲ್ಲವೂ ಕಾಯಿಲೆಯ ನಂತರದವೇ. ಕಬೀರನ ನಿರ್ಗುಣ ಭಜನೆಗಳನ್ನು ಅವರು ಹಾಡಿದ ಬಗೆ ಶಾಸ್ತ್ರೀಯ ಸಂಗೀತದ ಗಂಧವೇ ಇಲ್ಲದ ಮನೆಗಳಿಗೂ ಹೋಯಿತು.

ಮತ್ತೆ ಹಾಡತೊಡಗಿದ್ದು 1953ರಲ್ಲಿ. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. ಇದರ ಅರ್ಥವನ್ನು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಸುಮ್ಮನೆ ಕೂತಾಗ ನಾವು ಒಂದು ಉಸಿರಿಗೆ ಎಳೆಯುವುದು ಸುಮಾರು ಅರ್ಧ ಲೀಟರ್ ಗಾಳಿ. ಗಾಯಕ ಬಳಸುವುದು ಪೂರಾ ಎಳೆದು ಪೂರಾ ಬಿಡುವ ಗಾಳಿಯನ್ನು. ಆರೋಗ್ಯವಂತ ಗಂಡಸಿನಲ್ಲಿ ಅದು ನಾಲ್ಕೂವರೆ ಲೀಟರಿನ ಆಸುಪಾಸು. ಸ್ವರ ಹಿಡಿದಾಗ ಸೆಕೆಂಡಿಗೆ 100ರಿಂದ 200 ಮಿಲಿಲೀಟರ್ ಖರ್ಚಾಗುತ್ತದೆ. ಶ್ವಾಸಕೋಶ ಒಂದೇ ಆದಾಗ ಬಂಡವಾಳ ಅರ್ಧಕ್ಕಿಳಿಯುತ್ತದೆ. ಇಪ್ಪತ್ತು ಸೆಕೆಂಡು ಎಳೆಯಬಲ್ಲ ಸ್ವರ ಹತ್ತಕ್ಕೇ ಮುಗಿಯುತ್ತದೆ. ಜೊತೆಗೆ ಉಸಿರಾಟದ ದಣಿವು ಬೇಗ ಹತ್ತುತ್ತದೆ.

ಈ ದೇಹ ಇಟ್ಟುಕೊಂಡು ಹಳೆಯ ಗಾಯನವನ್ನೇ ಹಾಡಲು ಹೊರಟಿದ್ದರೆ ಪ್ರತಿ ಕಛೇರಿಯೂ ಸೋಲಿನ ಪಟ್ಟಿಯಾಗುತ್ತಿತ್ತು. ಕುಮಾರರು ಕೆಲಸದ ಅಚ್ಚನ್ನೇ ಬದಲಿಸಿದರು. ಸ್ವರಗುಚ್ಛಗಳು ಚಿಕ್ಕವಾದವು. ಒಮ್ಮೆಗೇ ಮೇಲಿನ ಷಡ್ಜಕ್ಕೆ ಜಿಗಿದು ಅಲ್ಲೇ ಬಿಟ್ಟುಬಿಡುವುದು, ಬಿಟ್ಟ ಜಾಗವನ್ನು ತಂಬೂರಿಗೆ ಒಪ್ಪಿಸುವುದು ರೂಢಿಯಾಯಿತು. ತಂಬೂರಿಯ ಶ್ರುತಿಗೆ ಅವರು ಕೊಡುತ್ತಿದ್ದ ಸಮಯ ಹೆಸರುವಾಸಿ. ಅವರ ಮೌನಗಳನ್ನು ತುಂಬುತ್ತಿದ್ದುದು ಆ ನಾದವೇ ಆದ್ದರಿಂದ ಅದು ಶೋಕಿಯ ಮಾತಾಗಿರಲಿಲ್ಲ. ಬಂದಿಶ್‌ನ ಸಾಹಿತ್ಯ ಸ್ವರದ ನೆಪವಾಗಿ ಉಳಿಯದೆ ಅರ್ಥದ ಭಾರ ಹೊತ್ತಿತು. ಹಿಂದೆ ಕೂತು ದನಿಗೂಡಿಸುವವರಿಗೂ ಹೆಚ್ಚಿನ ಜವಾಬ್ದಾರಿ ಬಂತು. ಎರಡನೆಯ ಪತ್ನಿ ವಸುಂಧರಾ ಕೋಂಕಾಳಿಯವರು ವರ್ಷಗಟ್ಟಲೆ ವೇದಿಕೆಯಲ್ಲಿ ಅವರ ಜೊತೆ ಹಾಡಿದರು. 2006ರಲ್ಲಿ ಪದ್ಮಶ್ರೀ ಪಡೆದ ಅವರು ತಮ್ಮಷ್ಟಕ್ಕೇ ದೊಡ್ಡ ಗಾಯಕಿ.

ಘರಾಣೆಯ ಕಟ್ಟುನಿಟ್ಟು ಬಿಟ್ಟರು, ವಿಲಂಬಿತದ ವಿಸ್ತಾರ ಇಲ್ಲ ಎಂದು ಆಕ್ಷೇಪಿಸಿದವರು ಅನೇಕರು. ಆ ಶೈಲಿ ಕಾಯಿಲೆಯ ಫಲವೋ ಆಲೋಚನೆಯ ಫಲವೋ ಎಂಬ ವಾದ ಇನ್ನೂ ಮುಗಿದಿಲ್ಲ. ನನ್ನ ಅಭಿಪ್ರಾಯ ಸ್ಪಷ್ಟವಿದೆ: ಶ್ವಾಸಕೋಶ ಗಡಿ ಹಾಕಿತು, ಆ ಗಡಿಯೊಳಗೆ ಏನು ಕಟ್ಟಬೇಕೆಂದು ತೀರ್ಮಾನಿಸಿದ್ದು ಕಿವಿ ಮತ್ತು ಬುದ್ಧಿ. ಆ ಕಾಲದಲ್ಲಿ ಕ್ಷಯದಿಂದ ಶ್ವಾಸಕೋಶ ಕಳೆದುಕೊಂಡವರು ದೇಶದ ತುಂಬ ಇದ್ದರು. ಅವರಾರೂ ಮಾಲವತಿ ರಾಗ ಕಟ್ಟಲಿಲ್ಲ. ಕಾಯಿಲೆಯನ್ನು ವರವೆಂದು ಕರೆಯುವ ಅಭ್ಯಾಸ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕಾಯಿಲೆ ತೆಗೆದುಕೊಂಡೇ ಹೋಗುತ್ತದೆ. ಕೊಟ್ಟದ್ದೇನಾದರೂ ಇದ್ದರೆ ಅದು ಔಷಧ, ಸಮಯ ಮತ್ತು ಪಕ್ಕದಲ್ಲಿದ್ದವರು ಕೊಟ್ಟದ್ದು.

1953ರಿಂದ 1992ರ ಜನವರಿ 12ರಂದು ದೇವಾಸದಲ್ಲೇ ತೀರಿಕೊಳ್ಳುವವರೆಗೆ, ಹತ್ತಿರ ಹತ್ತಿರ ನಾಲ್ಕು ದಶಕ ಅವರು ಹಾಡಿದರು. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು. ಬೆಳಗಾವಿಯ ರಂಗಮಂದಿರಕ್ಕೆ ಅವರ ಹೆಸರಿದೆ.

ಭಾನುಮತಿ ಇದರಲ್ಲಿ ಹೆಚ್ಚಿನದನ್ನು ಕಾಣಲಿಲ್ಲ. 1961ರಲ್ಲಿ ಎರಡನೆಯ ಮಗುವಿನ ಹೆರಿಗೆಯಲ್ಲಿ ತೀರಿಕೊಂಡರು. ಕ್ಷಯದಿಂದ ಗಂಡನನ್ನು ಉಳಿಸಿಕೊಂಡವರನ್ನು ಹೆರಿಗೆಯಿಂದ ಉಳಿಸಿಕೊಳ್ಳಲಾಗಲಿಲ್ಲ. ಆ ಕಾಲದ ಹೆಣ್ಣುಮಕ್ಕಳಿಗೆ ಹೆರಿಗೆಯೆಂದರೆ ಮರುಹುಟ್ಟು ಎನ್ನುತ್ತಿದ್ದುದು ಬರೀ ಮಾತಲ್ಲ. ಇಲ್ಲಿ ನಮ್ಮ ಜಿಲ್ಲೆಯ ಒಂದು ಕೆಲಸವನ್ನು ನೆನೆಯಲೇಬೇಕು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಂದಿಗೆ ಕೂಡಿ, ಈ ಜಿಲ್ಲೆಯ ಹಳ್ಳಿಗಳಲ್ಲಿ 1,620 ಗರ್ಭಿಣಿಯರ ಮೇಲೆ ಒಂದು ಅಧ್ಯಯನ ಮಾಡಿದರು. ಹೆರಿಗೆಯಾದ ಕೂಡಲೇ ಹಳ್ಳಿಯ ನರ್ಸ್ ಕೊಡಬಹುದಾದ ಮಿಸೊಪ್ರೊಸ್ಟಾಲ್ ಗುಳಿಗೆಯಿಂದ ಅತಿರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. ಫ್ರಿಜ್ಜಿಲ್ಲದ, ಡಾಕ್ಟರಿಲ್ಲದ ಊರುಗಳಿಗೆ ಇದು ದೊಡ್ಡ ವರದಾನ. ಭಾನುಮತಿಯವರ ಸಾವಿಗೆ ಅತಿರಕ್ತಸ್ರಾವವೇ ಕಾರಣವೆಂದು ನಾನು ಹೇಳುತ್ತಿಲ್ಲ. ಆರೈಕೆ ಮಾಡುವವರ ದೇಹಕ್ಕೂ ಆರೈಕೆ ಬೇಕು ಎಂಬ ಅರಿವು ಎಷ್ಟು ತಡವಾಗಿ ಬಂತೆಂಬುದನ್ನು ಹೇಳುತ್ತಿದ್ದೇನೆ.

ಕ್ಷಯದ ಚಿಕಿತ್ಸೆಯನ್ನೇ ತಿರುಗಿಸಿ ಹಾಕಿದ ಇನ್ನೊಂದು ಅಧ್ಯಯನವೂ ನಮ್ಮ ದೇಶದ್ದೇ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯ ಚಿಕಿತ್ಸಾ ಕೇಂದ್ರ ಕೆಲವರನ್ನು ಸ್ಯಾನಟೋರಿಯಂನಲ್ಲಿ, ಕೆಲವರನ್ನು ಅವರವರ ಬಡ ಮನೆಗಳಲ್ಲಿ ಇಟ್ಟು ಒಂದೇ ಔಷಧ ಕೊಟ್ಟಿತು. ಗುಣವಾದ ಪ್ರಮಾಣ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಎಂದು 1959ರಲ್ಲಿ ಸಾರಿತು. ಅಂದಿನಿಂದ ಜಗತ್ತಿನಾದ್ಯಂತ ಸ್ಯಾನಟೋರಿಯಂಗಳು ಮುಚ್ಚತೊಡಗಿದವು. ಔಷಧ ಸರಿಯಾಗಿ ಸಿಕ್ಕರೆ ಊರು ಬಿಡಬೇಕಿಲ್ಲ, ಮಲಗಿಯೇ ಇರಬೇಕಿಲ್ಲ. ಇದು ಬಡವರ ಪಾಲಿಗೆ ದೊಡ್ಡ ಗೆಲುವು. ಆದರೆ ಅದರ ಜೊತೆಯಲ್ಲೇ ವಿಶ್ರಾಂತಿಯ ಹಕ್ಕೂ ಸದ್ದಿಲ್ಲದೆ ಹೊರಟುಹೋಯಿತು. ಗುಳಿಗೆ ನುಂಗಿ ಕೆಲಸಕ್ಕೆ ಹೋಗು ಎಂದಾಯಿತು.

ಇಂದಿನ ಬೆಳಗಾವಿಯಲ್ಲಿ ಇದರ ಅರ್ಥವೇನೆಂದು ನೋಡಿ. ಉದ್ಯಮಬಾಗದ ಫೌಂಡ್ರಿಗಳಲ್ಲಿ ಅಚ್ಚು ಮಾಡುವ ಮರಳಿನ ಸಿಲಿಕಾ ಧೂಳು ಶ್ವಾಸಕೋಶದ ಕಾವಲು ಜೀವಕೋಶಗಳನ್ನೇ ಕೊಲ್ಲುತ್ತದೆ. ಸಿಲಿಕೋಸಿಸ್ ಆದವರಿಗೆ ಕ್ಷಯ ಅಂಟುವುದು ಬಹಳ ಸುಲಭ. ಖಾನಾಪುರದ ಹಂಚು, ಇಟ್ಟಂಗಿ ಭಟ್ಟಿಗಳಲ್ಲಿ ಮಣ್ಣಿನ ಧೂಳಿನ ಜೊತೆ ಹೊಗೆಯೂ ಇದೆ. ಶಹಾಪುರ, ವಡಗಾವಿ, ಖಾಸಬಾಗ, ಸುಳೇಭಾವಿಗಳಲ್ಲಿ ಪವರ್‌ಲೂಮ್ ಇರುವ ಇಕ್ಕಟ್ಟಿನ ಕೋಣೆಯೇ ಮನೆಯೂ ಹೌದು. ಇವರಲ್ಲೊಬ್ಬರಿಗೆ ಟಿಬಿ ಬಂದರೆ ಈಗ ಆರು ತಿಂಗಳ ಔಷಧ ಸರ್ಕಾರದಿಂದ ಪುಕ್ಕಟೆ. ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರಿನಿಂದ 1,000 ಆಗಿದೆ. ಊಟ ಎಷ್ಟು ಮುಖ್ಯವೆಂಬುದನ್ನು ತೋರಿಸಿದ ದೊಡ್ಡ ಅಧ್ಯಯನದ ಮುಂದಾಳು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ. ಜಾರ್ಖಂಡಿನಲ್ಲಿ ಕ್ಷಯರೋಗಿಗಳ ಮನೆಮಂದಿಗೆ ತಿಂಗಳ ಅಕ್ಕಿ ಬೇಳೆ ಕೊಟ್ಟಾಗ ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. 2023ರಲ್ಲಿ ಅದು ಪ್ರಕಟವಾಯಿತು. ಹಳೆಯ ವೈದ್ಯರ ಮೂರು ಉಪಾಯಗಳಲ್ಲಿ ಊಟ ಹೀಗೆ ಮರಳಿ ಮಾನ್ಯವಾಗಿದೆ.

ಇನ್ನುಳಿದದ್ದು ಬಿಡುವು. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ, ಇಎಸ್ಐಗೆ ಸೇರಿದ ಕಾರ್ಖಾನೆಯಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ದುಡಿಯುವವರಿಗೆ ಒಂದು ಹಕ್ಕಿದೆ, ಅನೇಕರಿಗೆ ಗೊತ್ತಿಲ್ಲ. ಎರಡು ವರ್ಷ ಬಿಡದೆ ಕೆಲಸದಲ್ಲಿದ್ದು ವಂತಿಗೆ ಕಟ್ಟಿದ್ದರೆ, ಕ್ಷಯ ಮತ್ತು ಕ್ಯಾನ್ಸರ್ ಸೇರಿ 34 ದೀರ್ಘ ಕಾಯಿಲೆಗಳಿಗೆ ಪಗಾರದ ನೂರಕ್ಕೆ 80ರಷ್ಟು ಹಣ, ಗರಿಷ್ಠ ಎರಡು ವರ್ಷದವರೆಗೆ ಸಿಗುತ್ತದೆ. ಭಾನುಮತಿ ಒಬ್ಬರೇ ಹೊತ್ತದ್ದನ್ನು ಒಂದು ಕಾಯಿದೆ ಹೊರುವುದೆಂದರೆ ಇದೇ. ಆದರೆ ಮಗ್ಗದವರು, ಭಟ್ಟಿಯವರು, ಪಾರಿಜಾತ–ಸಂಗ್ಯಾಬಾಳ್ಯದ ಮೇಳಗಳಲ್ಲಿ ರಾತ್ರಿಯಿಡೀ ಹಾಡುವವರು ಇದರ ಹೊರಗಿದ್ದಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಆಸ್ಪತ್ರೆಯ ಬಿಲ್ ಕಟ್ಟುತ್ತದೆ. ಮನೆಗೆ ಬಂದ ಮೇಲೆ ಕೈ ಓಡದ ತಿಂಗಳುಗಳಿಗೆ ಏನೂ ಕೊಡುವುದಿಲ್ಲ. ಆಗ ಮಾಲೀಕರ ಹತ್ತಿರ ಮುಂಗಡ ತೆಗೆದುಕೊಳ್ಳಬೇಕು, ಆ ಮುಂಗಡ ತೀರಿಸಲು ದಮ್ಮು ಬರುವ ಮೊದಲೇ ಮಗ್ಗಕ್ಕೆ ಕೂರಬೇಕು. ಔಷಧ ಮುಗಿದರೂ ಅನೇಕರಿಗೆ ಉಸಿರಿನ ತೊಂದರೆ ಉಳಿಯುತ್ತದೆ. ಉಸಿರಾಟದ ವ್ಯಾಯಾಮ, ನಿಧಾನಕ್ಕೆ ಹೆಚ್ಚಿಸುವ ನಡಿಗೆ, ಹಗುರ ಕೆಲಸದಿಂದ ಶುರು ಮಾಡುವುದು, ಇವೆಲ್ಲ ಅದಕ್ಕೆ ಮದ್ದು. ಯಾವುದೂ ದಿನಗೂಲಿಯ ಒತ್ತಡದಲ್ಲಿ ನಡೆಯದು.

ರಾಜ್ಯದಲ್ಲಿ ಕಟ್ಟಡ ಕಾರ್ಮಿಕರಿಗೊಂದು ಕಲ್ಯಾಣ ಮಂಡಳಿಯಿದೆ, ಅಸಂಘಟಿತ ಕಾರ್ಮಿಕರಿಗೊಂದು ಮಂಡಳಿಯಿದೆ. ಔಷಧ ನಡೆಯುವ ಆರು ತಿಂಗಳು ಕ್ಷಯರೋಗಿಗೆ ದಿನಗೂಲಿಯ ಒಂದು ಪಾಲನ್ನು ಈ ಮಂಡಳಿಗಳ ಮೂಲಕ ಕೊಡುವುದು ಆಗದ ಕೆಲಸವಲ್ಲ. ಯಾರು ರೋಗಿ, ಔಷಧ ಎಂದು ಶುರುವಾಯಿತು, ಯಾವ ಬ್ಯಾಂಕ್ ಖಾತೆ ಎಂಬ ವಿವರವೆಲ್ಲ ಸರ್ಕಾರದ ನಿಕ್ಷಯ್ ದಾಖಲೆಯಲ್ಲಿ ಈಗಾಗಲೇ ಇದೆ. ಸಾವಿರ ರೂಪಾಯಿ ಹೋಗುವುದು ಅದೇ ಖಾತೆಗೆ. ಸುಳೇಭಾವಿಯ ಒಬ್ಬ ನೇಕಾರನ ಆರು ತಿಂಗಳ ಬಿಡುವಿಗೆ ಬೇಕಾದ ಹಣವನ್ನೂ ಅಲ್ಲಿಗೇ ಕಳಿಸಬಹುದು.